ಬಿಸಿಲು ಬೇಡದ ಹೊಸತು

ಜೋಕಿಮನ ಕೈಗೆ ಒಂದು ಚಟವಿತ್ತು. ಒಲೆಯ ಮೇಲೆ ಏನು ಬೇಯುತ್ತಿದ್ದರೂ ಅವನಿಗೆ ಮುಚ್ಚಳ ತೆಗೆದು ನೋಡಬೇಕು. ಅನ್ನ ಅರ್ಧ ಬೆಂದಾಗ ಒಮ್ಮೆ, ಮುಕ್ಕಾಲು ಬೆಂದಾಗ ಒಮ್ಮೆ, ಬೆಂದು ಇಳಿಸಿದ ಮೇಲೆ ಬೆಂದಿತಲ್ಲ ಎಂದು ಖುಷಿಪಡಲು ಇನ್ನೊಮ್ಮೆ. ಬೇರೆಯವರ ಮನೆಗೆ ಊಟಕ್ಕೆ ಹೋದರೂ ಅಷ್ಟೇ. ಚಪ್ಪಲಿ ಕಳಚಿದವನೇ ಸೀದಾ ಅಡುಗೆಮನೆಗೆ ನಡೆದು, "ಎಂತ ಪರಿಮಳ ಮಾರಾಯ್ರೇ" ಎನ್ನುತ್ತಾ ಪಾತ್ರೆಯ ಮೇಲೆ ಬಗ್ಗಿಬಿಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ಐವಿ ಇಡ್ಲಿಯಂಥ ಸನ್ನ ಬೇಯಲು ಇಟ್ಟಿದ್ದಳು. ಇವನು ಸುಮ್ಮನಿರದೆ ಮುಚ್ಚಳ ಎತ್ತಿ ಎತ್ತಿ ಹಬೆಯನ್ನೆಲ್ಲ ಹೊರಗೆ ಬಿಟ್ಟ. ಮಲ್ಲಿಗೆಯ ಹಾಗೆ ಉಬ್ಬಬೇಕಾದ ಸನ್ನಗಳು ಬಿಲ್ಲೆಗಳಾಗಿ ಕೂತವು.

"ಇವರನ್ನು ಅಡುಗೆಗೆ ಇಟ್ಟುಕೊಂಡ ಕಂಟ್ರಾಕ್ಟರನ ಎದೆ ಗಟ್ಟಿ ಉಂಟು," ಎಂದಳು ಐವಿ.

ಆದರೆ ಅಡುಗೆಯಲ್ಲಿ ಜೋಕಿಮನ ಕೈ ಒಳ್ಳೆಯದು. ಕಿನ್ನಿಗೋಳಿ ಕಡೆಯವನು. ಮದುವೆಮನೆಗಳಲ್ಲಿ ಸೋದರಮಾವನ ಕೈಕೆಳಗೆ ತೆಂಗಿನಕಾಯಿ ತುರಿಯುತ್ತಾ ಕಲಿತ, ಬೊಂಬಾಯಿಯ ಹೋಟೆಲಿನಲ್ಲಿ ಪಳಗಿದ, ಅಲ್ಲಿಂದ ಕುವೈಟಿಗೆ ಬಂದ. ಅಹ್ಮದಿಯಲ್ಲಿ ಎಣ್ಣೆ ಬಾವಿಯ ಕೆಲಸಗಾರರಿಗೆ ಊಟ ಕೊಡುವ ಒಂದು ಮೆಸ್ಸಿನಲ್ಲಿ ಅವನೇ ದೊಡ್ಡ ಅಡುಗೆಯವನಾದ. ಐವಿ ಆಸ್ಪತ್ರೆಯಲ್ಲಿ ನರ್ಸ್. ಮನೆ ಹತ್ತಿರದ ಫಹಾಹೀಲಿನ ಒಂದು ಕಟ್ಟಡದ ಮೂರನೇ ಮಾಳಿಗೆ. ಎದುರು ಬಾಗಿಲಿನಲ್ಲಿ ತುಳುವರಾದ ಪುರಂದರ, ಕುಸುಮಾವತಿ. ಪುರಂದರನಿಗೆ ಶುವೈಖ್‌ನ ಒಂದು ಕಾರ್ ಶೋರೂಮಿನಲ್ಲಿ ಕೆಲಸ.

ಸಾವಿರದ ಒಂಬೈನೂರ ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳಗೆ ಬಂದಾಗ ಊರ ಕಡೆಯವರಲ್ಲಿ ಮುಕ್ಕಾಲು ಜನ ಬಸ್ಸು ಹಿಡಿದು ಜೋರ್ಡಾನಿನ ದಾರಿಗೆ ಹೊರಟರು. ಐವಿ ಹೊರಡಲಿಲ್ಲ. ವಾರ್ಡಿನಲ್ಲಿ ಮಲಗಿದವರನ್ನು ಯಾರ ಕೈಗೆ ಕೊಟ್ಟು ಬರಲಿ ಎಂದಳು. "ನೀನಿಲ್ಲದೆ ನಾನು ಯಾರ ಪಾತ್ರೆಯ ಮುಚ್ಚಳ ತೆಗೆಯಲಿ?" ಎಂದು ಜೋಕಿಮನೂ ಉಳಿದ. ಪುರಂದರನ ಪಾಸ್‌ಪೋರ್ಟು, ವಾಸದ ಪರವಾನಗಿಯಾದ ಇಕಾಮಾ ಎರಡೂ ಅವನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಕಪಾಟಿನಲ್ಲಿ, ಕಪಾಟಿನ ಬೀಗದ ಕೈ ಕಫೀಲನ ಜೇಬಿನಲ್ಲಿ, ಕಫೀಲ ಸೌದಿಯಲ್ಲಿ. ಹಾಗೆ ಅವರೂ ಉಳಿದರು.

ಸೆಪ್ಟೆಂಬರ್ ಎಂಟಕ್ಕೆ ಮೊಂತಿ ಹಬ್ಬ ಬಂತು. ಮರಿಯಮ್ಮ ಹುಟ್ಟಿದ ದಿನ ಅದು. ಮಂಗಳೂರಿನ ಕ್ರೈಸ್ತರು ಹೊಸತು ಉಣ್ಣುವುದೂ ಅದೇ ದಿನ. ಇಗರ್ಜಿಯಲ್ಲಿ ಹರಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಅರೆದು, ತೆಂಗಿನಹಾಲಿಗೆ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಆಮೇಲೆ ಮೀನು ಮಾಂಸ ಇಲ್ಲದ ಊಟ. ತರಕಾರಿಗಳು ಎಷ್ಟಾದರೂ ಇರಲಿ, ಲೆಕ್ಕ ಬೆಸವಾಗಬೇಕು. ಬೇರೆ ವರ್ಷಗಳಲ್ಲಿ ಊರಿನಿಂದ ಬರುವ ಯಾರಾದರೂ ವಿಮಾನದಲ್ಲಿ ತೆನೆ ತರುತ್ತಿದ್ದರು. ಆ ವರ್ಷ ವಿಮಾನವೇ ಇಲ್ಲ.

ಕಟ್ಟಡದಲ್ಲಿ ಉಳಿದ ಊರ ಕಡೆಯವರೆಲ್ಲ ಜೋಕಿಮನ ಮನೆಯಲ್ಲಿ ಸೇರಿದರು. ಅನ್ನ, ತೊವ್ವೆ, ಡಬ್ಬಿಯ ಬಟಾಣಿ. ಪ್ರಾರ್ಥನೆ ಮುಗಿಯಿತು. ಯಾರೂ ಬಟ್ಟಲಿಗೆ ಕೈ ಹಾಕಲಿಲ್ಲ. ಹೊಸತಿಲ್ಲದೆ ಹಳತನ್ನು ಹೇಗೆ ಉಣ್ಣುವುದು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಐವಿ ತಲೆ ತಗ್ಗಿಸಿ ಕೂತಿದ್ದಳು. ಜೋಕಿಮನಿಗೆ ಆ ಮೌನ ತಡೆಯಲಾಗಲಿಲ್ಲ. ಬಾಯಿ ತನ್ನಷ್ಟಕ್ಕೆ ಓಡಿತು.

"ಇಲ್ಲಿ ಕೇಳಿ ಎಲ್ಲರೂ. ಬರುವ ವರ್ಷ ಇದೇ ದಿನ, ಇದೇ ಮನೆಯಲ್ಲಿ ನಿಮಗೆಲ್ಲ ಹೊಸತು ಉಣಿಸುವವ ನಾನು. ಊರಿಂದ ತಂದದ್ದಲ್ಲ. ಇದೇ ಕುವೈಟಲ್ಲಿ ಹುಟ್ಟಿ ಬೆಳೆದದ್ದು!"

ಕುಸುಮಾವತಿ ಕಣ್ಣು ಅಗಲ ಮಾಡಿದಳು. "ಅಯ್ಯಯ್ಯೋ ಪೊರ್ಬುಲೆ, ಈ ಮರಳಲ್ಲಿ ಎಂತ ಹುಟ್ತದೆ? ಒಂಟೆಗೆ ಕೋಡಾ?" ಊರಲ್ಲಿ ಕ್ರೈಸ್ತರನ್ನು ಪೊರ್ಬು ಎಂದು ಕರೆದು ರೂಢಿ, ಅವಳೂ ಹಾಗೇ ಕರೆಯುತ್ತಿದ್ದಳು.

"ಒಂಟೆಗೆ ಕೋಡು ಬಂದರೆ ಅದರದ್ದೇ ಪಲ್ಯ ಮಾಡ್ತೇನೆ. ಈಗ ಉಣ್ಣಿ."

ಎಲ್ಲರೂ ನಕ್ಕರು. ಸೈನ್ಯ ಬಂದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಹೇಳಿದ ಮಾತು ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಚಳಿಗಾಲದಲ್ಲಿ ಬಾಂಬು ಬೀಳತೊಡಗಿದಾಗ ಎಲ್ಲರೂ ಕೆಳಗಿನ ಮೆಟ್ಟಿಲ ಬುಡದಲ್ಲಿ ಒತ್ತಿ ಕೂರುತ್ತಿದ್ದರು. ಗೋಡೆ ನಡುಗುವಾಗ ಕುಸುಮಾವತಿಯ ಸ್ವರ ಕೇಳುತ್ತಿತ್ತು: "ಪೊರ್ಬುಲೆ, ನಿಮ್ಮ ಹೊಸತು ಎಲ್ಲಿವರೆಗೆ ಬಂತು?" "ಗೊಬ್ಬರ ಹಾಕಿ ಆಯ್ತು," ಎನ್ನುತ್ತಿದ್ದ ಜೋಕಿಮ್. ಮರುದಿನ ಪುರಂದರ ಕೇಳಿದರೆ, "ಕಳೆ ಕೀಳ್ತಾ ಇದ್ದೇನೆ ಅಣ್ಣ, ಸೊಂಟ ನೋಯ್ತದೆ." ನಗಲು ಒಂದು ನೆಪ ಸಿಕ್ಕಿತು, ಆ ನೆಪವನ್ನು ಹಿಡಿದುಕೊಂಡೇ ಅವರು ಫೆಬ್ರವರಿ ದಾಟಿದರು. ಆದ್ದರಿಂದ ಯುದ್ಧ ಮುಗಿದ ಮೇಲೆ ಜೋಕಿಮನಿಗೆ ಹೆದರಿಕೆ ಹುಟ್ಟಿತು. ಇಷ್ಟು ಜನರ ಜೀವ ಹಿಡಿದಿಟ್ಟ ಮಾತನ್ನು ಈಗ ತಮಾಷೆಗೆ ಹೇಳಿದ್ದು ಎಂದು ಕೈ ಝಾಡಿಸುವುದು ಹೇಗೆ?

ಬೆಳೆಯುವುದಾದರೂ ಎಲ್ಲಿ? ಹೋಗುವಾಗ ಸೈನ್ಯ ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟು ಹೋಗಿತ್ತು. ಅಹ್ಮದಿಯಲ್ಲಿ ಮಧ್ಯಾಹ್ನಕ್ಕೆ ಕಾರುಗಳು ದೀಪ ಹಾಕಿ ಓಡುತ್ತಿದ್ದವು. ಜೋಕಿಮ್ ಬಾಲ್ಕನಿಯ ಡಬ್ಬಿಯಲ್ಲಿ ಕೊತ್ತಂಬರಿ ಬಿತ್ತಿದ. ಎರಡು ಎಲೆ ಬರುವಷ್ಟರಲ್ಲಿ ಮಸಿ ಕೂತು ಕಪ್ಪಾಯಿತು. ಮೆಂತೆ ಬಿತ್ತಿದ. ಅದು ಬಿಸಿಲು ಹುಡುಕಿ ಹುಡುಕಿ ನೂಲಿನ ಹಾಗೆ ಬಾಗಿ ಸತ್ತಿತು. ಉಳಿದ ಎಲೆಗಳನ್ನು ಅವನು ಸೋಪು ಹಾಕಿ ತೊಳೆಯುವುದನ್ನು ಐವಿ ಕಂಡಳು.

"ಸಾರಿಗೆ ಹಾಕಿದರೆ ನೊರೆ ಬರ್ತದೆ. ಬಟ್ಟೆಯನ್ನೂ ಅದರಲ್ಲೇ ಒಗೀಬಹುದು," ಎಂದಳು.

ಆಗಸ್ಟ್ ಕೊನೆಗೆ ಬಾವಿಯ ಬೆಂಕಿ ಆರಿಸುವ ಒಂದು ಚೀನೀ ತಂಡ ಜೋಕಿಮನ ಮೆಸ್ಸಿಗೆ ಊಟಕ್ಕೆ ಬಂತು. ಅವನು ಅವರಿಗೆಂದು ಕೋರಿ ರೊಟ್ಟಿ ಮಾಡಿದ. ಅವರು ರೊಟ್ಟಿ ಮುರಿದು ತಿಂದು, ಕೋಳಿಯ ಮೂಳೆ ಚೀಪಿ, ಗಸಿಯನ್ನು ಹಾಗೇ ಬಿಟ್ಟು ಎದ್ದರು. ಮರುದಿನ ಅವರದ್ದೇ ಅಡುಗೆಯವನು ಬಿದಿರಿನ ಬುಟ್ಟಿಗಳನ್ನು ಹೊತ್ತು ಅಡುಗೆಮನೆಗೆ ಬಂದು ಮೂಲೆಯ ಒಲೆ ಹಿಡಿದ. ಹೆಸರು ಪೆಂಗ್. ಐವತ್ತು ದಾಟಿದ ಕುಳ್ಳ, ತೋಳು ಒನಕೆಯಂಥದ್ದು. ಅವನಿಗೆ ಬರುತ್ತಿದ್ದದ್ದು ಚೀನೀ ಭಾಷೆ, ಅದು ಬಿಟ್ಟರೆ ದಾರಿಯಲ್ಲಿ ಕಲಿತ ಎರಡು ಅರಬ್ಬಿ ಮಾತು: ನಡಿ ಎನ್ನಲು 'ಯಲ್ಲಾ', ಮುಗಿಯಿತು ಎನ್ನಲು 'ಖಲಾಸ್'.

"ನಿಮ್ಮ ಒಲೆಗೆ ಪಾಲುದಾರ ಬಂದ, ಪೊರ್ಬುಗಳೇ," ಎಂದ ಉಗ್ರಾಣದ ಮಹಮ್ಮದ್ ಕುಂಞಿ. ಉಳ್ಳಾಲದ ಬ್ಯಾರಿ, ಜೋಕಿಮನ ಹಳೆಯ ದೋಸ್ತ್.

ಜೋಕಿಮ್ ಮುಖ ಗಂಟಿಕ್ಕಿಕೊಂಡೇ ಕೆಲಸ ಮಾಡಿದ. ಆದರೆ ಪೆಂಗ್ ಬಿದಿರು ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕೆಳಗೆ ನೀರು ಕುದಿಸಿ, ಒಳಗೆ ಬಿಳಿ ಉಂಡೆಗಳನ್ನಿಟ್ಟಾಗ ಅವನ ಕಾಲು ತಾನಾಗಿ ಅತ್ತ ನಡೆಯಿತು. ಇದು ಸನ್ನ ಬೇಯಿಸುವ ಹಬೆಪಾತ್ರೆಯೇ! ಕೈ ಮುಚ್ಚಳಕ್ಕೆ ಹೋಯಿತು. ಪೆಂಗ್ ಸೌಟಿನಿಂದ ಆ ಕೈಯ ಮೇಲೆ ಟಪ್ಪೆಂದು ಒಂದು ಕೊಟ್ಟ.

ಕುಂಞಿ ಬಿದ್ದು ಬಿದ್ದು ನಕ್ಕ. "ಐವಿ ಬಾಯಮ್ಮ ಇಷ್ಟು ವರ್ಷದಲ್ಲಿ ಮಾಡಲಾಗದ್ದನ್ನು ಈ ಜನ ಒಂದೇ ದಿನದಲ್ಲಿ ಮಾಡಿದ!"

ಆಶ್ಚರ್ಯವೆಂದರೆ ಜೋಕಿಮನಿಗೂ ನಗು ಬಂತು. ಮನೆಯಿಂದ ತನ್ನ ಹಬೆಪಾತ್ರೆ ತಂದು ತೋರಿಸಿದ. ಪೆಂಗ್ ಅದನ್ನು ಮಗುಚಿ, ತಟ್ಟಿ, ತೂತುಗಳಿಗೆ ಕಣ್ಣಿಟ್ಟು ನೋಡಿ ಹೆಬ್ಬೆರಳು ಎತ್ತಿದ. ಅಂದಿನಿಂದ ಅವನು ಪೆಂಗ್ ಭಾಯಿ.

ಅವರಿಬ್ಬರ ನಡುವೆ ಮಾತು ಸಾಗಿಸುತ್ತಿದ್ದವನು ತಂಡದ ಇಂಜಿನಿಯರ್ ಲಿನ್. ಸಂಜೆಯ ಚಹಾದ ಹೊತ್ತಿಗೆ ಬಂದು ಹಿಟ್ಟಿನ ಚೀಲದ ಮೇಲೆ ಕೂತು, ಪೆಂಗ್ ಹೇಳಿದ್ದನ್ನೂ ತನಗೆ ಗೊತ್ತಿದ್ದದ್ದನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಜನ ಬರೆಯಲು ಕಲಿಯುವ ಮೊದಲೇ ತಮ್ಮಲ್ಲಿ ಮಣ್ಣಿನ ಹಬೆಪಾತ್ರೆ ಇತ್ತಂತೆ. ಎಷ್ಟೋ ಕಾಲದ ಮೇಲೆ ಅರಮನೆಯಲ್ಲಿದ್ದ ಒಬ್ಬ ಮರದ ತೊಗಟೆ, ಹರಕು ಬಟ್ಟೆ, ಹಳೆಯ ಮೀನುಬಲೆ ಎಲ್ಲವನ್ನೂ ಕೊಳೆಸಿ ಜಜ್ಜಿ ಒಳ್ಳೆಯ ಕಾಗದ ಮಾಡಿದನಂತೆ.

"ಬಲೆಯಿಂದ ಕಾಗದ!" ಕುಂಞಿಗೆ ಅದು ಹಿಡಿಸಿತು. "ಉಳ್ಳಾಲದಲ್ಲಿ ಎಷ್ಟು ಬಲೆ ಸುಮ್ಮನೆ ಹೋಯ್ತು ಮಾರಾಯ್ರೇ."

ಮತ್ತೊಬ್ಬ ರಾಜನ ಕಾಲದಲ್ಲಿ ಸಾಯದೇ ಇರುವ ಔಷಧಿ ಹುಡುಕುತ್ತಾ ಕೆಲವರು ಗಂಧಕ, ಇದ್ದಿಲು, ಪೆಟ್ಲುಪ್ಪು ಬೆರೆಸಿ ಕಾಯಿಸಿದರಂತೆ. ಗಡ್ಡ ಸುಟ್ಟು, ಮನೆ ಹಾರಿ, ಸಿಡಿಮದ್ದು ಹುಟ್ಟಿತಂತೆ. ಅದರ ಮೊಮ್ಮಕ್ಕಳಂಥ ಮದ್ದುಗಳನ್ನೇ ಸಿಡಿಸಿ ಈಗ ಇಲ್ಲಿ ಬಾವಿಯ ಬೆಂಕಿಯನ್ನು ಊದಿ ಆರಿಸುವುದೂ ಉಂಟಂತೆ.

ಆದರೆ ಜೋಕಿಮನ ಮನಸ್ಸು ಹಿಡಿದದ್ದು ಉಪ್ಪಿನ ಬಾವಿಯ ಕಥೆ. ಪೆಂಗ್‌ನ ಊರು ಸಿಚುವಾನ್ ಕಡೆ, ಸಮುದ್ರ ಇಲ್ಲದ ಸೀಮೆ. ಅಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಉಪ್ಪುನೀರಿಗಾಗಿ ಬಾವಿ ತೋಡಿದ್ದರು. ಅದಾಗಿ ಸಾವಿರ ವರ್ಷ ಕಳೆದ ಮೇಲೆ ಬಂದವರು ಬಿದಿರಿನ ಹಗ್ಗಕ್ಕೆ ಕಬ್ಬಿಣದ ಉಳಿ ಕಟ್ಟಿದರು. ಇನ್ನೊಂದು ತುದಿಯ ಹಲಗೆಯ ಮೇಲೆ ಹಾರಿ ಹಾರಿ ಕುಣಿದು, ಕೈ ಹಿಡಿಸುವಷ್ಟು ತೂತನ್ನು ಗುಡ್ಡ ಮುಳುಗುವಷ್ಟು ಆಳಕ್ಕೆ ಇಳಿಸಿದರು. ಕೆಲವು ಬಾವಿಗಳಿಂದ ಉರಿಯುವ ಗಾಳಿ ಬಂತು. ಬಿದಿರಿನ ಗಂಟು ಕೊರೆದು ಕೊಳವೆ ಮಾಡಿ, ಸಂದಿಗೆ ಸುಣ್ಣ ಎಣ್ಣೆ ಮೆತ್ತಿ, ಆ ಗಾಳಿಯನ್ನು ಒಲೆಯ ಬುಡಕ್ಕೆ ತಂದು ಉಪ್ಪು ಕಾಯಿಸಿದರು. ಪೆಂಗ್‌ನ ಅಜ್ಜನೂ ಅಂಥ ಒಲೆಯ ಮುಂದೆಯೇ ಬದುಕಿದವನು.

"ಹಾಗಾದರೆ ಬಾವಿಯ ಬೆಂಕಿಯನ್ನು ಮೊದಲು ಪಳಗಿಸಿದ್ದು ನಮ್ಮವರು!" ಎಂದು ಜೋಕಿಮ್ ಎದೆ ಉಬ್ಬಿಸಿದ.

"ನಿಮ್ಮವರು ಯಾರು?" ಎಂದ ಲಿನ್.

"ಅಡುಗೆಯವರು."

ಇಷ್ಟರ ನಡುವೆ ಪೆಂಗ್ ಕುಂಞಿಯ ಕತ್ತಲೆ ಉಗ್ರಾಣದಲ್ಲಿ ಒಂದು ಕೆಲಸ ಹೂಡಿದ್ದ. ತಳದಲ್ಲಿ ತೂತಿದ್ದ ಪಾತ್ರೆಗೆ ನೆನೆಸಿದ ಹೆಸರುಕಾಳು ಹಾಕಿ, ಒದ್ದೆ ಬಟ್ಟೆ ಹೊದೆಸಿ, ಮೇಲೆ ಕಲ್ಲು ಹೇರಿದ. ದಿನಕ್ಕೆ ಹಲವು ಸಲ ನೀರು ಹೊಯ್ಯುತ್ತಿದ್ದ. ಜೋಕಿಮ್ ಮೂಗು ಮುರಿದ. ಮೊಳಕೆ ಹೆಸರು ಯಾರಿಗೆ ಗೊತ್ತಿಲ್ಲ? ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಬಿಳಿ ಮೂತಿ ಬರುತ್ತದೆ, ತೆಂಗಿನಕಾಯಿ ಹಾಕಿ ಪಲ್ಯ ಮಾಡಿದರಾಯಿತು. ಹೆಚ್ಚು ಬಿಟ್ಟರೆ ಕೆಟ್ಟುಹೋಗುತ್ತದೆ. ಅದನ್ನು ಹೇಳಲು ಹೋದ, ಸೌಟು ತೋರಿಸಿ ಪೆಂಗ್ ಓಡಿಸಿದ.

ನಾಲ್ಕೈದು ದಿನ ಕಳೆದ ಮೇಲೆ ಪೆಂಗ್ ತಾನಾಗಿ ಕರೆದ. ಬಟ್ಟೆ ಸರಿಸಿದರೆ ಪಾತ್ರೆಯ ತುಂಬ ಬೆರಳುದ್ದದ, ದಪ್ಪನೆಯ, ಹಾಲಿನ ಬಣ್ಣದ ದಂಟುಗಳು! ಒಂದನ್ನು ಕಚ್ಚಿದ. ಕರುಂ ಎಂದಿತು, ಬಾಯಿಯಲ್ಲಿ ಸಿಹಿ ನೀರು ಚಿಮ್ಮಿತು.

"ಮಣ್ಣು?" ಎಂದು ಕೇಳಿದ ಜೋಕಿಮ್.

"ಬೇಡ," ಎಂದ ಲಿನ್. "ಬಿಸಿಲು ತಾಗಿದರೆ ಹಸಿರಾಗಿ ಕಹಿಯಾಗ್ತದೆ. ಕತ್ತಲೆ, ನೀರು, ಮೇಲೊಂದು ಭಾರ. ಭಾರ ಒತ್ತಿದಷ್ಟು ದಂಟು ದಪ್ಪ. ಹಿಂದಿನ ಕಾಲದಲ್ಲಿ ಹಡಗಿನವರೂ ಹೀಗೇ ಮಾಡಿಕೊಳ್ತಿದ್ದರು ಅಂತ ಹೇಳುವವರಿದ್ದಾರೆ."

ಜೋಕಿಮ್ ಕುಂಞಿಯ ಎರಡೂ ಭುಜ ಹಿಡಿದು ಅಲ್ಲಾಡಿಸಿದ. "ಬ್ಯಾರಿಗಳೇ! ಸೂರ್ಯ ಇಲ್ಲದ ಊರಿಗೆ ಸೂರ್ಯ ಬೇಡದ ಬೆಳೆ! ಹುಟ್ಟಿದ್ದೂ ಇಲ್ಲೇ, ಬೆಳೆದದ್ದೂ ಇಲ್ಲೇ. ಇದೇ ನನ್ನ ಹೊಸತು!"

"ಭುಜ ಬಿಡಿ, ಅದು ಹಳತು," ಎಂದ ಕುಂಞಿ.

ಹಬ್ಬದ ಹೊಸತನ್ನು ತನ್ನ ಕೈಯಾರೆ ಬೆಳೆಸಬೇಕೆಂದು ಜೋಕಿಮ್ ಆ ದಿನವೇ ಮನೆಯಲ್ಲಿ ಹೆಸರು ನೆನೆಸಿದ. ಐವಿಯ ಬಟ್ಟೆ ಕಪಾಟಿನ ತಳದಲ್ಲಿ ಪಾತ್ರೆ ಇಟ್ಟ. ಆದರೆ ಕೈಯ ಚಟ ಎಲ್ಲಿ ಬಿಡುತ್ತದೆ? ಏಳುತ್ತಲೇ ಒಮ್ಮೆ ಕಪಾಟು ತೆರೆದು ನೋಡಿದ. ಕಾಫಿ ಕುಡಿದು ನೋಡಿದ. ಕೆಲಸಕ್ಕೆ ಹೊರಟವನು ಚಪ್ಪಲಿ ಹಾಕಿಕೊಂಡೇ ವಾಪಸು ಬಂದು, ಟಾರ್ಚು ಬಿಟ್ಟು, "ಹುಷಾರಾಗಿದ್ದೀಯಾ ಮಗಾ?" ಎಂದು ಕೇಳಿ ಹೋದ. ಭಾರಕ್ಕೆ ಪಾಪ ನೋಯುತ್ತದೆ ಎಂದು ಕಲ್ಲನ್ನೂ ತೆಗೆದಿಟ್ಟ. ಮೂರು ದಿನಕ್ಕೆ ಮೊಳಕೆಗಳು ಹಸಿರು ತಲೆ ಎತ್ತಿ, ಸೊರಗಿದ ಕಾಲಿನಲ್ಲಿ ವಾಲಾಡಿದವು. ಬಾಯಿಗೆ ಹಾಕಿದರೆ ಕಹಿ. ಐವಿಯ ಸೀರೆಗಳಿಗೆಲ್ಲ ಹುಳಿ ವಾಸನೆ.

"ರೋಗಿಯನ್ನು ಇಷ್ಟು ಸಲ ಎಬ್ಬಿಸಿ ಹೇಗಿದ್ದೀ ಅಂತ ಕೇಳಿದರೆ ಅವನೂ ಹೀಗೇ ಆಗ್ತಾನೆ," ಎಂದಳು ಐವಿ. ಹಬ್ಬಕ್ಕೆ ಉಳಿದದ್ದು ಇನ್ನೊಂದು ಪಾತ್ರೆ ಬೆಳೆಯುವಷ್ಟೇ ಸಮಯ. ಕುಸುಮಾವತಿ ಆಗಲೇ ಕಟ್ಟಡಕ್ಕೆಲ್ಲ ಊಟದ ಹೇಳಿಕೆ ಕೊಟ್ಟಾಗಿತ್ತು.

ಮರುದಿನ ಜೋಕಿಮ್ ಆ ಹಸಿರು ಮೊಳಕೆಗಳನ್ನು ಒಯ್ದು ಪೆಂಗ್‌ನ ಮುಂದಿಟ್ಟ. ಪೆಂಗ್ ಮೂಸಿ ನೋಡಿ, ಲಿನ್‌ಗೆ ಏನೋ ಹೇಳಿದ.

"ತಪ್ಪು ಕಾಳಿನದಲ್ಲ, ಕೈಯದು ಅಂತಾರೆ," ಎಂದ ಲಿನ್. "ಹಬ್ಬಕ್ಕೆ ಬೇಕಾದರೆ ತಾನೇ ಬೆಳೆದು ಕೊಡ್ತಾರಂತೆ."

"ಬೇಡ, ಭಾಯಿ. ಮಾತು ಕೊಟ್ಟವ ನಾನು." ಜೋಕಿಮ್ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ನೀರು ಹೊಯ್ಯಲು ಮುಚ್ಚಳ ತೆಗೆಯಬೇಕು. ತೆಗೆದರೆ ಇಣುಕಬೇಕು. ಇಣುಕಿದರೆ ಮುಟ್ಟಬೇಕು. ಮುಚ್ಚಳ ತೆಗೆಯದೆ ನೀರು ಒಳಗೆ ಹೋಗಬೇಕಾದರೆ? ಆ ಹೊತ್ತಿಗೆ ಅವನ ತಲೆಗೆ ಬಂದದ್ದು ಪೆಂಗ್‌ನ ಅಜ್ಜನ ಬಿದಿರು ಕೊಳವೆ. ಬಿದಿರು ಇಲ್ಲಿ ಎಲ್ಲಿಂದ? ಕೊಳವೆ ಅಂದರೆ...

ಅವನು ಆಸ್ಪತ್ರೆಗೆ ಓಡಿದ. "ಐವೀ, ರೋಗಿಗಳಿಗೆ ಬಾಟ್ಲಿ ನೀರು ಕೊಡ್ತೀರಲ್ಲ, ಹನಿ ಹನಿ, ಆ ಟ್ಯೂಬು ಒಂದು ಬೇಕು."

"ಯಾರಿಗೆ? ಎಂತ ಆಯ್ತು?"

"ಹೆಸರುಕಾಳಿಗೆ."

ಐವಿ ಕೈ ಬಾಯಿಗೆ ಒತ್ತಿಕೊಂಡು ನಗುತ್ತಾ ಒಳಗೆ ಹೋಗಿ, ತಾರೀಕು ಮುಗಿದಿದೆ ಎಂದು ಎಸೆಯಲು ಇಟ್ಟಿದ್ದ ಒಂದನ್ನು ಹಿರಿಯ ಸಿಸ್ಟರನ್ನು ಕೇಳಿ ತಂದುಕೊಟ್ಟಳು. "ಹನಿ ಎಷ್ಟು ಬಿಡಬೇಕು ಅಂತ ನಾನು ತೋರಿಸ್ತೇನೆ. ನಿಮ್ಮ ಕೈಗೆ ಕೊಟ್ಟರೆ ಮುಳುಗಿಸಿ ಸಾಯಿಸ್ತೀರಿ."

ಸನ್ನದ ಹಬೆಪಾತ್ರೆಯ ತೂತಿನ ತಟ್ಟೆಯ ಮೇಲೆ ಹೊಸ ಕಾಳು ಹರಡಿದರು. ಮೇಲೆ ದಪ್ಪ ಟವೆಲು, ಬಿದ್ದ ಹನಿ ಸುತ್ತಲೂ ಹರಡಲೆಂದು. ಅದರ ಮೇಲೆ ತಟ್ಟೆ ಮತ್ತು ಕಲ್ಲು. ಮುಚ್ಚಳಕ್ಕೆ ಒಂದು ತೂತು, ತೂತಿನಿಂದ ಟವೆಲಿನವರೆಗೆ ಟ್ಯೂಬು, ಉಗ್ರಾಣದ ಮೊಳೆಗೆ ತಲೆಕೆಳಗಾಗಿ ತೂಗಿದ ನೀರಿನ ಬಾಟಲಿ. ಪೆಂಗ್ ಸುಮ್ಮನೆ ನೋಡುತ್ತಾ ನಿಂತಿದ್ದ. ಜೋಕಿಮ್ ಮೈದಾ ಹಿಟ್ಟು ಕಲಸಿ ಮುಚ್ಚಳದ ಸುತ್ತ ಮೆತ್ತಿದಾಗ ಅವನಿಗೆ ತಡೆಯಲಾಗಲಿಲ್ಲ. ತೊಡೆ ತಟ್ಟಿ ನಕ್ಕು, ಲಿನ್‌ನನ್ನು ಕರೆದು ತೋರಿಸಿ ತೋರಿಸಿ ಹೇಳಿದ.

"ಅಜ್ಜನಿಗೆ ಈ ಟ್ಯೂಬು ಸಿಕ್ಕಿದ್ದರೆ ಬಿದಿರಿನ ಗಂಟು ಕೊರೆಯುವುದು ತಪ್ತಿತ್ತು ಅಂತಾರೆ," ಎಂದ ಲಿನ್.

"ಬಲೆ ಕಾಗದ ಆಯ್ತು, ಬಾವಿ ಒಲೆ ಆಯ್ತು," ಎಂದ ಜೋಕಿಮ್, ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ. "ನನ್ನ ರೋಗಿಯ ಟ್ಯೂಬು ತೋಟ ಆಗಲಿಕ್ಕಿಲ್ಲವಾ?"

ಉಗ್ರಾಣದ ಬೀಗ ಕುಂಞಿಯ ಸೊಂಟದಲ್ಲಿ. ಬಾಟಲಿ ತುಂಬುವುದೂ ಅವನೇ. ಜೋಕಿಮನಿಗೆ ಕಾಣುತ್ತಿದ್ದದ್ದು ಕೆಳಗಿನ ಬೋಗುಣಿಗೆ ಇಳಿದ ನೀರು ಮಾತ್ರ. ಒಳಗೆ ಏನು ನಡೆದಿದೆಯೋ ದೇವರಿಗೇ ಗೊತ್ತು. ಕೊಳೆತಿದ್ದರೆ? ಹುಟ್ಟಲೇ ಇಲ್ಲದಿದ್ದರೆ? ಇಷ್ಟು ವರ್ಷ ಅವನು ಯಾವುದನ್ನೂ ನೋಡದೆ ನಂಬಿದವನಲ್ಲ. ಹಬ್ಬದ ಮುನ್ನಾದಿನ ಕುಂಞಿಯ ಹಿಂದೆಯೇ ಉಗ್ರಾಣಕ್ಕೆ ನುಗ್ಗಿ, ಹಿಟ್ಟಿನ ಅಂಚಿಗೆ ಉಗುರು ಹಾಕಿದ.

"ಪೊರ್ಬುಗಳೇ!"

"ಒಂದು ಚೂರು, ಬ್ಯಾರಿಗಳೇ. ಒಂದೇ ಕಣ್ಣಿನಿಂದ ನೋಡ್ತೇನೆ."

"ಪೆಂಗ್ ಭಾಯಿಯನ್ನು ಕರೆಯಲಾ, ಸೌಟು ಹಿಡ್ಕೊಂಡು?"

ಜೋಕಿಮ್ ಉಗುರು ಹಿಂದಕ್ಕೆ ತೆಗೆದ. ಅಡುಗೆಮನೆಗೆ ಹೋಗಿ ಅಲ್ಲಿದ್ದ ಅಷ್ಟೂ ಪಾತ್ರೆಗಳ ಮುಚ್ಚಳ ಎತ್ತಿ ಎತ್ತಿ ಇಟ್ಟ. ಆ ದಿನ ಮೆಸ್ಸಿನ ಅನ್ನ ಯಾವುದೂ ಸರಿಯಾಗಿ ಬೇಯಲಿಲ್ಲ.

ಹಬ್ಬದ ದಿನ ಮಧ್ಯಾಹ್ನ ಅವನ ಮನೆ ತುಂಬಿತು. ಹೋದ ವರ್ಷ ಇದ್ದವರೆಲ್ಲ ಇದ್ದರು, ಊರಿನಿಂದ ಮರಳಿದವರೂ ಕೆಲವರಿದ್ದರು. ಪೆಂಗ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲಿನ್ ಜೊತೆ ಬಂದಿದ್ದ. ಆಲೂಗಡ್ಡೆ, ಬೀನ್ಸು, ಕುಂಬಳ, ಕಡಲೆ ಎಂದು ಐವಿ ಮಾಡಿದ ಪಲ್ಯಗಳು ನಾಲ್ಕು. ಬೆಸ ಆಗಲು ಇನ್ನೊಂದು ಬೇಕು. ಎಲ್ಲರ ಕಣ್ಣು ಮೇಜಿನ ಮೇಲೆ ಬಟ್ಟೆ ಹೊದ್ದ ಹಬೆಪಾತ್ರೆಯ ಮೇಲೆ. ಅದನ್ನು ಕುಂಞಿಯ ಪಿಕಪ್ಪಿನಲ್ಲಿ, ಬಾಣಂತಿಯನ್ನು ಕರೆತರುವ ಹಾಗೆ, ಗುಂಡಿ ತಪ್ಪಿಸಿ ತಪ್ಪಿಸಿ ತಂದಿದ್ದರು.

ಪ್ರಾರ್ಥನೆ ಮುಗಿಯಿತು.

"ತೆಗೆಯಿರಿ ಪೊರ್ಬುಲೆ," ಎಂದಳು ಕುಸುಮಾವತಿ. "ಒಂಟೆಯ ಕೋಡು ನೋಡುವ."

ಹುಟ್ಟಿದಂದಿನಿಂದ ಮುಚ್ಚಳ ತೆಗೆದವನಿಗೆ ಆ ಹೊತ್ತಿನಲ್ಲಿ ಕೈ ಏಳಲಿಲ್ಲ. "ನೀನೇ ತೆಗಿ," ಎಂದ ಐವಿಗೆ, ಮಕ್ಕಳು ಹೇಳುವ ಹಾಗೆ.

ಐವಿ ಹೊದ್ದ ಬಟ್ಟೆ ಸರಿಸಿದಳು. ಮುಚ್ಚಳ ಆಗಲೇ ಎದ್ದಿತ್ತು! ಮೆತ್ತಿದ ಹಿಟ್ಟು ಸುತ್ತಲೂ ಬಿರುಕು ಬಿಟ್ಟಿತ್ತು. ಒಳಗಿನ ತಟ್ಟೆಯನ್ನೂ ಕಲ್ಲನ್ನೂ ತಲೆಯ ಮೇಲೆ ಹೊತ್ತು ಮೊಳಕೆಗಳು ಮುಚ್ಚಳವನ್ನು ಮೇಲಕ್ಕೆ ನೂಕಿದ್ದವು. ಆ ಬಿರುಕಿನ ಒಂದು ಕಡೆಯಿಂದ ಬಿಳಿ ದಂಟೊಂದು ಹೊರಗೆ ಇಣುಕುತ್ತಿತ್ತು.

"ನೋಡಿ, ನೋಡಿ! ಇದಕ್ಕೂ ಇವರದ್ದೇ ಬುದ್ಧಿ! ಒಳಗಿಂದಲೇ ಮುಚ್ಚಳ ತೆಗೆದು ನೋಡ್ತದೆ!" ಎಂದು ಪುರಂದರ ಕೂಗಿದ. ಮನೆ ಹಾರಿಹೋಗುವಷ್ಟು ನಗು.

ಜೋಕಿಮ್ ನಗಲಿಲ್ಲ. ಒಂದು ಹಿಡಿ ಮೊಳಕೆ ಎತ್ತಿ, ಕಣ್ಣೊರೆಸಿಕೊಂಡು, ಐವಿ ಕಾಯಿಸಿಟ್ಟ ತೆಂಗಿನಹಾಲಿಗೆ ಹಾಕಿದ. ಅಷ್ಟರಲ್ಲಿ ಲಿನ್ ಪೆಂಗ್‌ನ ಪರವಾಗಿ ಒಂದು ಮಾತು ಹೇಳಿದ. ತಮ್ಮ ಕಡೆಯ ಕೆಲವು ಹಳ್ಳಿಗಳಲ್ಲೂ ಹೊಸ ಅಕ್ಕಿ ಉಣ್ಣುವ ದಿನ ಉಂಟು. ಮೊದಲ ತುತ್ತು ಮನೆಯ ನಾಯಿಗೆ ಕೊಡುತ್ತಾರೆ, ಯಾಕೆಂದರೆ ಮನುಷ್ಯರಿಗೆ ಬೀಜ ತಂದುಕೊಟ್ಟದ್ದು ಅದೇ ಎಂದು ಹಿರಿಯರ ಕಥೆ.

"ಇಲ್ಲಿ ನಾಯಿ ಎಲ್ಲಿ?" ಎಂದರು ಯಾರೋ.

"ಇಲ್ಲದಿದ್ದರೆ ಎಂತ? ಮನೆಯ ಪಾತ್ರೆಯನ್ನೆಲ್ಲ ಮೂಸುವವರು ಇದ್ದಾರಲ್ಲ," ಎಂದು ಐವಿ ಮೊದಲ ಚಮಚವನ್ನು ಗಂಡನ ಬಾಯಿಗೇ ಇಟ್ಟಳು.

ಆಮೇಲೆ ಅವನು ಒಬ್ಬೊಬ್ಬರ ಮುಂದೆಯೂ ನಿಂತು ಒಂದೊಂದು ಚಮಚ ಕೊಟ್ಟ. ಕುಸುಮಾವತಿ ಕೈ ಮುಗಿದು ತೆಗೆದುಕೊಂಡಳು. ತನ್ನ ಪಾಲಿನದರಲ್ಲಿ ನಾಲ್ಕು ದಂಟುಗಳನ್ನು ಉಳಿಸಿ, ದಾರದಲ್ಲಿ ಸುತ್ತಿ, ಊರಲ್ಲಿ ಹೊಸ ತೆನೆಯನ್ನು ಬಾಗಿಲಿಗೆ ಕಟ್ಟುವಂತೆ ಎರಡೂ ಮನೆಯ ಬಾಗಿಲ ಹಿಡಿಗೆ ಕಟ್ಟಿ ಬಂದಳು. ಪೆಂಗ್ ಎರಡು ಸಲ ಬಡಿಸಿಕೊಂಡ. ಕಳೆದ ವಾರಗಳಲ್ಲಿ ಎಷ್ಟೋ ಬಾವಿಗಳು ಆರಿದ್ದವು, ಕಿಟಕಿಯಿಂದ ಹಳದಿ ಬಿಸಿಲು ಚಾಪೆಯವರೆಗೆ ಬಂದಿತ್ತು. ಇನ್ನು ಬಿಸಿಲಿಗೆ ಹೆದರಬೇಕಿಲ್ಲ ಎಂಬುದನ್ನು ಮರೆತು ಜೋಕಿಮ್ ಮೊಳಕೆಯ ಪಾತ್ರೆಯನ್ನು ಅದರಿಂದ ಈಚೆ ಸರಿಸಿಟ್ಟ.

ಕೆಲಸ ಮುಗಿದು ಚೀನೀ ತಂಡ ಹೊರಟ ದಿನ ಪೆಂಗ್ ತನ್ನ ಒಂದು ಬಿದಿರು ಬುಟ್ಟಿಯನ್ನು ಮುಚ್ಚಳದ ಸಮೇತ ಜೋಕಿಮನ ಕೈಗಿಟ್ಟ. ಬದಲಿಗೆ ಬೆರಳು ತೋರಿಸಿ ಕೇಳಿದ್ದು ಒಂದನ್ನೇ, ಉಗ್ರಾಣದ ಮೊಳೆಯಲ್ಲಿ ತೂಗುತ್ತಿದ್ದ ಆ ಟ್ಯೂಬು. ಅದನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡು, ಎದೆ ತಟ್ಟಿ ಏನೋ ಹೇಳಿದ.

"ಊರಿನ ಉಪ್ಪಿನ ಬಾವಿಯವರಿಗೆ ತೋರಿಸ್ತಾರಂತೆ, ಕುವೈಟಿನ ಬಿದಿರು ಅಂತ," ಎಂದ ಲಿನ್.

"ಯಲ್ಲಾ, ಪೆಂಗ್ ಭಾಯಿ," ಎಂದು ಜೋಕಿಮ್ ಅವನನ್ನು ತಬ್ಬಿಕೊಂಡ. ತಬ್ಬಿಕೊಂಡಿದ್ದಾಗಲೇ ಅವನ ಕೈ ಮೆಲ್ಲನೆ ಬುಟ್ಟಿಯ ಮುಚ್ಚಳಕ್ಕೆ ಹೋಯಿತು, ಒಳಗೆ ಏನಾದರೂ ಇಟ್ಟಿದ್ದಾನೋ ಎಂದು. ಇಟ್ಟಿದ್ದ. ಸೌಟು.